ಸಾಕು ಮರಗಪ್ಪೆಗಳ ಆರೋಗ್ಯ

ಸಾಕು ಮರಗಪ್ಪೆಗಳ ಆರೋಗ್ಯ ಎಂಬುದು ಮನೆಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಮರಗಪ್ಪೆಗಳಿಗೆ ತಗಲುವ ಕಾಯಿಲೆಗಳು, ಅವುಗಳ ಲಕ್ಷಣ, ಪ್ರಥಮೋಪಚಾರ, ಚಿಕಿತ್ಸೆ ಹಾಗೂ ಮುನ್ನೆಚ್ಚರಿಕೆಗಳಿಗೆ ಸಂಬಂಧಿಸಿದ ವಿಷಯ. ಕಪ್ಪೆಯು ತನ್ನ ನೋವನ್ನು ಹೊರಗೆ ತೋರಿಸುವುದು ಬಹಳ ಕಡಿಮೆ. ಲಕ್ಷಣಗಳು ಕಣ್ಣಿಗೆ ಬೀಳುವ ವೇಳೆಗೆ ಕಾಯಿಲೆ ಸಾಮಾನ್ಯವಾಗಿ ಮುಂದುವರಿದಿರುತ್ತದೆ. ಸಾಕು ಕಪ್ಪೆಗಳ ಹೆಚ್ಚಿನ ಕಾಯಿಲೆಗಳ ಮೂಲವು ನೀರು, ಉಷ್ಣತೆ, ತೇವಾಂಶ, ಆಹಾರ ಮತ್ತು ಶುಚಿತ್ವದ ದೋಷಗಳಲ್ಲಿದೆ. ಆದ್ದರಿಂದ ಚಿಕಿತ್ಸೆಯ ಮೊದಲ ಹೆಜ್ಜೆ ಕಪ್ಪೆ ಇರುವ ಪರಿಸರವನ್ನು ಸರಿಪಡಿಸುವುದೇ ಆಗಿರುತ್ತದೆ.

ಮರಗಪ್ಪೆಗಳು

ಬೆರಳುಗಳ ತುದಿಯಲ್ಲಿ ಅಂಟುವ ಬಿಲ್ಲೆಗಳಿದ್ದು, ಗಿಡಮರ ಹಾಗೂ ಗೋಡೆಗಳನ್ನು ಏರಬಲ್ಲ ಕಪ್ಪೆಗಳನ್ನು ಮರಗಪ್ಪೆಗಳೆಂದು ಕರೆಯುತ್ತಾರೆ. ಇವು ಒಂದೇ ಕುಟುಂಬಕ್ಕೆ ಸೇರಿದವುಗಳಲ್ಲ. ಭಾರತದ ಮರಗಪ್ಪೆಗಳಲ್ಲಿ ಹೆಚ್ಚಿನವು ರಾಕೋಫೋರಿಡೆ ಕುಟುಂಬಕ್ಕೆ ಸೇರಿವೆ. ಮೈಸೂರು ನಗರದ ತೋಟಗಳಲ್ಲಿಯೂ ಹಳೆಯ ಮನೆಗಳ ಬಚ್ಚಲುಗಳಲ್ಲಿಯೂ ಕಾಣುವ ಸಾಮಾನ್ಯ ಮರಗಪ್ಪೆ (ಪಾಲಿಪೆಡೇಟಿಸ್ ಮ್ಯಾಕುಲೇಟಸ್) ಈ ಕುಟುಂಬದ್ದು. ಇದನ್ನು 1830ರಲ್ಲಿ ಜಾನ್ ಎಡ್ವರ್ಡ್ ಗ್ರೇ ವಿವರಿಸಿದನು. ಪಶ್ಚಿಮ ಘಟ್ಟಗಳ ಮಲಬಾರ್ ಹಾರುವ ಕಪ್ಪೆಯೂ ಇದೇ ಕುಟುಂಬಕ್ಕೆ ಸೇರಿದೆ. ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ರಾವೋರ್ಕೆಸ್ಟಿಸ್ ಎಂಬ ಹೆಸರನ್ನು ಇಡಲಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ದಕ್ಷಿಣ ಭಾರತದ ಕಪ್ಪೆಗಳನ್ನು ಅಧ್ಯಯನ ಮಾಡಿದ ಸಿ. ಆರ್. ನಾರಾಯಣ ರಾವ್ ಅವರ ಗೌರವಾರ್ಥ ಈ ಹೆಸರು ಬಂದಿದೆ.

ಸಾಕುಪ್ರಾಣಿಯಾಗಿ ಪ್ರಪಂಚದಾದ್ಯಂತ ಹೆಚ್ಚು ಪ್ರಚಲಿತವಾಗಿರುವವು ಆಸ್ಟ್ರೇಲಿಯಾದ ಹಸಿರು ಮರಗಪ್ಪೆ (ವೈಟ್‌ನ ಮರಗಪ್ಪೆ) ಮತ್ತು ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆ. ಮೊದಲನೆಯದು ಸರಿಯಾದ ಆರೈಕೆಯಲ್ಲಿ 15 ವರ್ಷಗಳಿಗೂ ಹೆಚ್ಚು ಕಾಲ ಬದುಕಬಲ್ಲದು. ಈ ಲೇಖನದಲ್ಲಿ ಹೇಳಿರುವ ಕಾಯಿಲೆಗಳು ಮುಖ್ಯವಾಗಿ ಇಂತಹ ಸಾಕು ಕಪ್ಪೆಗಳಿಗೆ ಅನ್ವಯಿಸುತ್ತವೆ.

ಚರ್ಮದ ಮಹತ್ವ

ಕಪ್ಪೆಯ ಆರೋಗ್ಯವನ್ನು ಅರಿಯಲು ಅದರ ಚರ್ಮದ ಕೆಲಸವನ್ನು ತಿಳಿಯುವುದು ಅಗತ್ಯ. ಕಪ್ಪೆಯು ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗ ಮತ್ತು ತೊಡೆಗಳ ನಡುವಿನ ತೆಳುವಾದ ಚರ್ಮದ ಮೂಲಕ ನೀರನ್ನು ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಭಾಗವೂ ಚರ್ಮದ ಮೂಲಕವೇ ನಡೆಯುತ್ತದೆ. ದೇಹದಲ್ಲಿ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲವಣಗಳ ಸಮತೋಲನವನ್ನು ಕಾಯ್ದುಕೊಳ್ಳುವುದರಲ್ಲಿಯೂ ಚರ್ಮಕ್ಕೆ ಪಾಲಿದೆ.

ನೀರು ಒಳಬರುವ ದಾರಿಯಲ್ಲಿಯೇ ವಿಷವೂ ಒಳಬರುತ್ತದೆ. ನಲ್ಲಿ ನೀರಿನ ಕ್ಲೋರಿನ್, ಕೈಗೆ ಅಂಟಿದ ಸಾಬೂನು, ನೆಲಕ್ಕೆ ಹಾಕಿದ ಫಿನೈಲ್, ಸೊಳ್ಳೆ ಬತ್ತಿಯ ಹೊಗೆ, ತಿಗಣೆ ಹಾಗೂ ಜಿರಳೆಗಳಿಗೆ ಸಿಂಪಡಿಸುವ ಔಷಧ ಇವೆಲ್ಲವೂ ಮನುಷ್ಯರಿಗೆ ಹೆಚ್ಚಿನ ತೊಂದರೆ ಮಾಡದ ಪ್ರಮಾಣದಲ್ಲಿಯೇ ಕಪ್ಪೆಗೆ ಮಾರಕವಾಗಬಹುದು. ಮನುಷ್ಯರ ಮುಲಾಮುಗಳನ್ನು ಕಪ್ಪೆಗೆ ಹಚ್ಚಬಾರದೆನ್ನುವುದಕ್ಕೂ ಇದೇ ಕಾರಣ. ನೋವು ಶಮನಕ್ಕಾಗಿ ಕೆಲವು ಮುಲಾಮುಗಳಲ್ಲಿ ಸೇರಿಸುವ ಬೆಂಜೊಕೇನ್ ಕಪ್ಪೆಯ ಚರ್ಮದ ಮೂಲಕ ರಕ್ತಕ್ಕೆ ಸೇರಿ ಅದನ್ನು ಕೊಲ್ಲಬಲ್ಲದು.

ಕಾಯಿಲೆಯಲ್ಲದ ಸಂಗತಿಗಳು

ಹೊಸದಾಗಿ ಕಪ್ಪೆ ಸಾಕುವವರು ಕೆಲವು ಸಹಜ ವರ್ತನೆಗಳನ್ನು ಕಾಯಿಲೆಯೆಂದು ಭಾವಿಸುವುದುಂಟು.

- ಹಗಲಿನಲ್ಲಿ ಅಲುಗಾಡದೆ ಕುಳಿತಿರುವುದು. ಮರಗಪ್ಪೆಗಳು ನಿಶಾಚರಿಗಳು. ಕೈಕಾಲುಗಳನ್ನು ಮಡಿಚಿಕೊಂಡು, ಕಣ್ಣು ಮುಚ್ಚಿ ದಿನವಿಡೀ ಒಂದೇ ಕಡೆ ಕುಳಿತಿರುವುದು ಸಹಜ.
- ಬಣ್ಣ ಬದಲಾಗುವುದು. ಉಷ್ಣತೆ, ಬೆಳಕು ಮತ್ತು ತೇವಾಂಶಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಸಾಮಾನ್ಯ ಮರಗಪ್ಪೆಯು ಒಣಹವೆಯಲ್ಲಿ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಅದಕ್ಕೆ ಸುಣ್ಣದ ಕಪ್ಪೆ ಎಂಬರ್ಥದ ಹೆಸರೂ ಇದೆ.
- ಬಾಯಿ ತೆರೆಯುತ್ತಾ ಮೈ ಉಜ್ಜಿಕೊಳ್ಳುವುದು. ಇದು ಪೊರೆ ಕಳಚುವ ಕ್ರಮ. ಕಳಚಿದ ಪೊರೆಯನ್ನು ಕಪ್ಪೆ ತಾನೇ ತಿಂದುಬಿಡುತ್ತದೆ.
- ನುಂಗುವಾಗ ಕಣ್ಣುಗಳು ಒಳಗೆ ಸೇರುವುದು. ಆಹಾರವನ್ನು ಗಂಟಲಿನೊಳಕ್ಕೆ ತಳ್ಳಲು ಕಣ್ಣುಗುಡ್ಡೆಗಳು ನೆರವಾಗುತ್ತವೆ.
- ಹಿಡಿದಾಗ ನೀರು ಬಿಡುವುದು. ಮೂತ್ರಕೋಶದಲ್ಲಿ ಸಂಗ್ರಹವಾಗಿದ್ದ ನೀರನ್ನು ಭಯದಿಂದ ಹೊರಹಾಕುತ್ತದೆ. ಬೇಸಿಗೆಯಲ್ಲಿ ಈ ನೀರು ಕಪ್ಪೆಗೆ ಅಮೂಲ್ಯವಾದುದರಿಂದ ಅನಗತ್ಯವಾಗಿ ಹಿಡಿಯಬಾರದು.

ಅನಾರೋಗ್ಯದ ಲಕ್ಷಣಗಳು

ಆರೋಗ್ಯವಂತ ಕಪ್ಪೆಯ ಕಣ್ಣುಗಳು ತಿಳಿಯಾಗಿರುತ್ತವೆ, ಚರ್ಮದಲ್ಲಿ ಗಾಯಗಳಿರುವುದಿಲ್ಲ. ಕತ್ತಲಾದ ಮೇಲೆ ಅದು ಚಟುವಟಿಕೆಯಿಂದಿದ್ದು, ಚಲಿಸುವ ಹುಳುವಿನತ್ತ ಗಮನ ಹರಿಸುತ್ತದೆ. ಅಂಗಾತ ಮಲಗಿಸಿದರೆ ಕೂಡಲೇ ಮಗುಚಿಕೊಳ್ಳುತ್ತದೆ. ಹಾಗೆ ಮಗುಚಿಕೊಳ್ಳಲಾರದಿರುವುದು ಪ್ರಾಣಾಪಾಯದ ಸೂಚನೆ.

ಎಚ್ಚರಿಕೆ ವಹಿಸಬೇಕಾದ ಇತರ ಲಕ್ಷಣಗಳು ಇವು: ರಾತ್ರಿಯೂ ಮಂಕಾಗಿರುವುದು, ಹಲವು ದಿನ ಆಹಾರ ಬಿಡುವುದು, ಹಗಲಿನಲ್ಲಿ ಬಯಲಲ್ಲಿ ಕೈಕಾಲು ಚಾಚಿ ಕುಳಿತಿರುವುದು, ಸದಾ ನೀರಿನ ಬಟ್ಟಲಿನಲ್ಲಿಯೇ ಇರುವುದು, ಗೋಡೆಗೆ ಅಂಟಿಕೊಳ್ಳಲಾಗದೆ ಜಾರುವುದು, ತೊಡೆ ಮತ್ತು ಹೊಟ್ಟೆ ಕೆಂಪಾಗುವುದು, ಪೊರೆಯು ಚೂರುಚೂರಾಗಿ ಪದೇಪದೇ ಕಳಚುವುದು, ಹೊಟ್ಟೆ ಅಥವಾ ಕಾಲು ಊದಿಕೊಳ್ಳುವುದು, ದವಡೆ ಅಥವಾ ಬೆನ್ನು ಸೊಟ್ಟಗಾಗುವುದು, ಸ್ನಾಯುಗಳು ಅದುರುವುದು, ಕಣ್ಣಿನ ಮೇಲೆ ಬಿಳಿ ಪೊರೆ ಕಟ್ಟುವುದು.

ತೂಕವು ಕಣ್ಣಿಗಿಂತ ಮೊದಲು ಸುಳಿವು ಕೊಡುತ್ತದೆ. ಅಡುಗೆಮನೆಯಲ್ಲಿ ಬಳಸುವಂತಹ ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ಇದಕ್ಕಾಗಿಯೇ ಮೀಸಲಿಟ್ಟು, ವಾರಕ್ಕೊಮ್ಮೆ ಕಪ್ಪೆಯನ್ನು ಸಣ್ಣ ಡಬ್ಬಿಯ ಸಮೇತ ತೂಗಿ ಬರೆದಿಡುವುದು ಸರಳವಾದ, ಆದರೆ ಬಹಳ ಉಪಯುಕ್ತವಾದ ಅಭ್ಯಾಸ.

ಮುಖ್ಯ ಕಾಯಿಲೆಗಳು

ನಿರ್ಜಲೀಕರಣ

ಒಣಹವೆ, ಅತಿಯಾದ ಶಾಖ ಅಥವಾ ನೀರಿನ ಬಟ್ಟಲು ಬತ್ತಿಹೋಗುವುದು ಇದಕ್ಕೆ ಕಾರಣ. ಚರ್ಮ ಒಣಗಿ ಸುಕ್ಕುಗಟ್ಟುತ್ತದೆ, ಕಣ್ಣುಗಳು ಗುಳಿಬೀಳುತ್ತವೆ, ಕಪ್ಪೆ ನಿಶ್ಶಕ್ತವಾಗುತ್ತದೆ. ಕ್ಲೋರಿನ್ ಇಲ್ಲದ, ಕೋಣೆಯ ಉಷ್ಣತೆಯ ನೀರಿನಲ್ಲಿ ಹೊಟ್ಟೆ ಮಾತ್ರ ಮುಳುಗುವಂತೆ ಕೂರಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಮೂಗು ನೀರಿನ ಮೇಲಿರಬೇಕು, ಏಕೆಂದರೆ ನಿತ್ರಾಣಗೊಂಡ ಕಪ್ಪೆಯೂ ಮುಳುಗಿ ಸಾಯಬಹುದು.

ಕೆಂಗಾಲು ರೋಗ

ತೊಡೆಯ ಒಳಭಾಗ ಮತ್ತು ಹೊಟ್ಟೆಯ ಚರ್ಮ ಕೆಂಪೇರುವುದರಿಂದ ಈ ಹೆಸರು. ಏರೋಮೊನಾಸ್ ಹೈಡ್ರೋಫಿಲಾ ಮೊದಲಾದ ಬ್ಯಾಕ್ಟೀರಿಯಾಗಳು ರಕ್ತಕ್ಕೆ ಸೇರಿ ಇದು ಉಂಟಾಗುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಸಾಮಾನ್ಯವಾಗಿ ಇರುವಂತಹವೇ. ಕೊಳೆಯಾದ ನೀರು, ಕಿಕ್ಕಿರಿದ ಪೆಟ್ಟಿಗೆ, ಗಾಯ ಅಥವಾ ಶೀತದಿಂದ ಕಪ್ಪೆಯ ರೋಗನಿರೋಧಕ ಶಕ್ತಿ ಕುಂದಿದಾಗ ಇವು ಮೇಲುಗೈ ಪಡೆಯುತ್ತವೆ. ರೋಗಿಯನ್ನು ಬೇರ್ಪಡಿಸಿ, ಪಶುವೈದ್ಯರಿಂದ ಸೂಕ್ತ ಪ್ರತಿಜೈವಿಕ ಔಷಧ ಕೊಡಿಸಬೇಕು. ಶಿಲೀಂಧ್ರ, ವೈರಾಣು ಅಥವಾ ರಾಸಾಯನಿಕಗಳಿಂದಲೂ ಚರ್ಮ ಕೆಂಪಾಗುವುದರಿಂದ ಬಣ್ಣವೊಂದನ್ನೇ ನೋಡಿ ರೋಗವನ್ನು ನಿರ್ಣಯಿಸಲಾಗದು.

ಕೈಟ್ರಿಡ್ ಶಿಲೀಂಧ್ರ ರೋಗ

ಬ್ಯಾಟ್ರಕೊಕೈಟ್ರಿಯಂ ಡೆಂಡ್ರೊಬೇಟಿಡಿಸ್ ಎಂಬ ಶಿಲೀಂಧ್ರದಿಂದ ಬರುವ ಈ ರೋಗವು ಉಭಯವಾಸಿಗಳ ಪಾಲಿಗೆ ಅತ್ಯಂತ ಭಯಾನಕವಾದುದು. ಈ ಶಿಲೀಂಧ್ರವನ್ನು 1999ರಲ್ಲಿ ವೈಜ್ಞಾನಿಕವಾಗಿ ವಿವರಿಸಲಾಯಿತು. 2019ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಪ್ರಕಾರ ಕೈಟ್ರಿಡ್ ರೋಗದಿಂದ ಕನಿಷ್ಠ 501 ಉಭಯವಾಸಿ ಪ್ರಭೇದಗಳು ಕ್ಷೀಣಿಸಿವೆ. ಅವುಗಳಲ್ಲಿ 90 ಪ್ರಭೇದಗಳು ನಶಿಸಿಹೋಗಿವೆಯೆಂದು ಅಂದಾಜಿಸಲಾಗಿದೆ. ಪಶ್ಚಿಮ ಘಟ್ಟಗಳ ಕಪ್ಪೆಗಳಲ್ಲಿಯೂ ಈ ಶಿಲೀಂಧ್ರ ಪತ್ತೆಯಾಗಿದೆ.

ಶಿಲೀಂಧ್ರವು ಚರ್ಮದ ಹೊರಪದರದಲ್ಲಿ ಬೆಳೆದು ಲವಣಗಳ ಸಾಗಣೆಯನ್ನು ಕೆಡಿಸುತ್ತದೆ. ರಕ್ತದಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಕುಸಿದು ಕೊನೆಗೆ ಹೃದಯ ನಿಲ್ಲುತ್ತದೆ. ಪೊರೆ ಪದೇಪದೇ ಕಳಚುವುದು, ಕಾಲು ಚಾಚಿ ಕುಳಿತುಕೊಳ್ಳುವುದು, ಮಗುಚಿಕೊಳ್ಳಲಾರದಿರುವುದು ಇದರ ಲಕ್ಷಣಗಳು. ಕೆಲವು ಕಪ್ಪೆಗಳು ಯಾವ ಲಕ್ಷಣವನ್ನೂ ತೋರದೆ ಸಾಯುತ್ತವೆ. ಹತ್ತಿಯ ಕಡ್ಡಿಯಿಂದ ಚರ್ಮವನ್ನು ಸವರಿ ಪಡೆದ ಮಾದರಿಯನ್ನು ಪಿಸಿಆರ್ ಪರೀಕ್ಷೆಗೆ ಒಳಪಡಿಸಿ ರೋಗವನ್ನು ಖಚಿತಪಡಿಸಿಕೊಳ್ಳುತ್ತಾರೆ. ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕದ ದುರ್ಬಲ ದ್ರಾವಣದಲ್ಲಿ ದಿನಕ್ಕೆ ಕೆಲವು ನಿಮಿಷಗಳಂತೆ ಹಲವು ದಿನ ಅದ್ದುವುದು ಪ್ರಚಲಿತ ಚಿಕಿತ್ಸೆ. ಗೊದಮೊಟ್ಟೆಗಳಿಗೂ ಕೆಲವು ಪ್ರಭೇದಗಳಿಗೂ ಈ ಔಷಧ ಅಪಾಯಕಾರಿಯಾದ್ದರಿಂದ ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು. ಸುಮಾರು 17ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಶಿಲೀಂಧ್ರ ಚೆನ್ನಾಗಿ ಬೆಳೆಯುತ್ತದೆ. ಮೈಸೂರಿನ ಮಳೆಗಾಲ ಮತ್ತು ಚಳಿಗಾಲದ ಹವೆ ಬಹುಮಟ್ಟಿಗೆ ಈ ಮಿತಿಯಲ್ಲಿಯೇ ಇರುತ್ತದೆ.

ಮೂಳೆ ರೋಗ

ಆಹಾರದಲ್ಲಿ ಕ್ಯಾಲ್ಸಿಯಂ ಅಥವಾ ವಿಟಮಿನ್ ಡಿ3 ಕಡಿಮೆಯಾದಾಗ ದೇಹವು ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ದವಡೆ ಮೆತ್ತಗಾಗುತ್ತದೆ, ಬೆನ್ನು ಬಾಗುತ್ತದೆ, ಕಾಲುಗಳು ಅದುರುತ್ತವೆ, ಸಣ್ಣ ಜಿಗಿತಕ್ಕೂ ಮೂಳೆ ಮುರಿಯುತ್ತದೆ. ಅಂಗಡಿಯಲ್ಲಿ ಸಿಗುವ ಕ್ರಿಕೆಟ್ ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಆದ್ದರಿಂದ ಹುಳುಗಳಿಗೆ ಮೊದಲು ಒಳ್ಳೆಯ ಆಹಾರ ಕೊಟ್ಟು, ಅನಂತರ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕಪ್ಪೆಗೆ ಕೊಡುವ ರೂಢಿ ಇದೆ. ಸೌಮ್ಯವಾದ ಯುವಿಬಿ ದೀಪವೂ ಸಹಾಯಕ. ಗಾಜಿನ ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಇಡುವುದು ಇದಕ್ಕೆ ಪರ್ಯಾಯವಲ್ಲ. ಗಾಜು ಯುವಿಬಿ ಕಿರಣಗಳನ್ನು ತಡೆಯುತ್ತದೆ, ಒಳಗಿನ ಶಾಖ ಮಾತ್ರ ಏರಿ ಕಪ್ಪೆ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಬಾಗಿದ ಮೂಳೆ ಮತ್ತೆ ನೇರವಾಗುವುದಿಲ್ಲ. ಬೇಗ ಗುರುತಿಸಿದರೆ ರೋಗ ಮುಂದುವರಿಯದಂತೆ ತಡೆಯಬಹುದು.

ವಿಟಮಿನ್ ಎ ಕೊರತೆ

ವಿಟಮಿನ್ ಎ ಕಡಿಮೆಯಾದಾಗ ನಾಲಿಗೆಯ ಅಂಟು ಕಡಿಮೆಯಾಗುತ್ತದೆ. ಕಪ್ಪೆ ಹುಳುವಿನತ್ತ ನಾಲಿಗೆ ಚಾಚಿದರೂ ಹಿಡಿಯಲಾರದು. ಹಸಿವಿದ್ದರೂ ಬೇಟೆ ತಪ್ಪುವುದು ಇದರ ವಿಶಿಷ್ಟ ಲಕ್ಷಣ. ಕಣ್ಣಿನ ರೆಪ್ಪೆ ಊದಿಕೊಳ್ಳುವುದೂ ಉಂಟು. ಈ ವಿಟಮಿನ್ನಿನ ಅಧಿಕ ಪ್ರಮಾಣವೂ ವಿಷವಾಗುವುದರಿಂದ ಸ್ವಚಿಕಿತ್ಸೆ ಸಲ್ಲದು.

ಬೊಜ್ಜು ಮತ್ತು ಮಲಬದ್ಧತೆ

ಆಸ್ಟ್ರೇಲಿಯಾದ ಹಸಿರು ಮರಗಪ್ಪೆ ಕೊಟ್ಟಷ್ಟನ್ನೂ ತಿನ್ನುತ್ತದೆ. ಕಿವಿಯ ತಮಟೆಯ ಮೇಲಿನ ಚರ್ಮದ ಮಡಿಕೆ ದಪ್ಪವಾಗಿ ಕಣ್ಣಿನ ಮೇಲೆ ಇಳಿಬಿದ್ದರೆ ಅದು ಬೊಜ್ಜಿನ ಲಕ್ಷಣ. ಬೆಳೆದ ಕಪ್ಪೆಗೆ ವಾರಕ್ಕೆ ಎರಡು ಮೂರು ಬಾರಿ ಆಹಾರ ಸಾಕಾಗುತ್ತದೆ. ಹುಳುವಿನೊಡನೆ ಜಲ್ಲಿ ಅಥವಾ ತೆಂಗಿನ ನಾರಿನ ಪುಡಿಯನ್ನು ನುಂಗಿದರೆ ಕರುಳು ಕಟ್ಟಿಕೊಳ್ಳುತ್ತದೆ. ಮಲವಿಸರ್ಜನೆ ನಿಂತು ಹೊಟ್ಟೆ ಗಟ್ಟಿಯಾದರೆ ಆಳವಿಲ್ಲದ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಬಹುದು. ಒಂದೆರಡು ದಿನಗಳಲ್ಲಿ ಗುಣ ಕಾಣದಿದ್ದರೆ ವೈದ್ಯರ ನೆರವು ಬೇಕು.

ಕರುಳು ಹೊರಬರುವುದು

ಪರಾವಲಂಬಿ ಹುಳುಗಳು, ಮಲಬದ್ಧತೆ ಅಥವಾ ಕ್ಯಾಲ್ಸಿಯಂ ಕೊರತೆಯಿಂದ ಗುದದ್ವಾರದಲ್ಲಿ ಕೆಂಪು ಅಂಗಾಂಶ ಹೊರಬರಬಹುದು. ಇದು ತುರ್ತು ಪರಿಸ್ಥಿತಿ. ಹೊರಬಂದ ಭಾಗ ಒಣಗದಂತೆ ಒದ್ದೆಯಾಗಿಟ್ಟು, ಅದೇ ದಿನ ವೈದ್ಯರ ಬಳಿಗೆ ಒಯ್ಯಬೇಕು. ಮನೆಯಲ್ಲಿ ಒಳಗೆ ತಳ್ಳಲು ಯತ್ನಿಸಬಾರದು.

ಊತ

ದೇಹದಲ್ಲಿ ನೀರು ತುಂಬಿಕೊಂಡು ಕಪ್ಪೆ ಬಲೂನಿನಂತೆ ಊದಿಕೊಳ್ಳುವುದು ಮೂತ್ರಪಿಂಡ, ಹೃದಯ ಅಥವಾ ಸೋಂಕಿನ ತೊಂದರೆಯನ್ನು ಸೂಚಿಸುತ್ತದೆ. ಮೊಟ್ಟೆ ತುಂಬಿದ ಹೆಣ್ಣು ಕಪ್ಪೆಯೂ ದಪ್ಪವಾಗಿ ಕಾಣುತ್ತದೆ, ಆದರೆ ಅದು ಚಟುವಟಿಕೆಯಿಂದಿರುತ್ತದೆ.

ಪ್ರಥಮೋಪಚಾರ

ಕಪ್ಪೆ ಅಸ್ವಸ್ಥವೆಂದು ಕಂಡಾಗ ಕೈಗೊಳ್ಳಬೇಕಾದ ಕ್ರಮಗಳು:

1. ಕಪ್ಪೆಯನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿರಂಧ್ರಗಳಿರುವ ಶುದ್ಧ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುವುದು. ಕೆಳಗೆ ಬಣ್ಣ ಮತ್ತು ಸುವಾಸನೆ ಇಲ್ಲದ ಒದ್ದೆ ಕಾಗದದ ಕರವಸ್ತ್ರ ಹಾಸಿ ದಿನವೂ ಬದಲಾಯಿಸುವುದು.
2. ಡಬ್ಬಿಯನ್ನು ನೆರಳಿನ, ಗದ್ದಲವಿಲ್ಲದ ಸ್ಥಳದಲ್ಲಿ ಇಡುವುದು.
3. ಮುಟ್ಟುವ ಮೊದಲು ಸಾಬೂನಿನ ಅಂಶ ಉಳಿಯದಂತೆ ಕೈತೊಳೆದು, ಪುಡಿರಹಿತ ಕೈಗವಸನ್ನು ನೀರಿನಲ್ಲಿ ಒದ್ದೆ ಮಾಡಿ ಧರಿಸುವುದು.
4. ವಿಷ ತಗಲಿದ ಸಂಶಯವಿದ್ದರೆ ಕ್ಲೋರಿನ್ ರಹಿತ ನೀರನ್ನು ಮೈಮೇಲೆ ಮೆಲ್ಲಗೆ ಹರಿಸಿ, ಅನಂತರ ಹಲವು ಬಾರಿ ನೀರು ಬದಲಾಯಿಸುತ್ತಾ ಕೂರಿಸುವುದು.
5. ಬಲವಂತವಾಗಿ ಆಹಾರ ತಿನ್ನಿಸದಿರುವುದು. ಮೊದಲು ನೀರು, ಆಹಾರ ಆಮೇಲೆ.
6. ಅರಿಸಿನ, ಉಪ್ಪು, ಎಣ್ಣೆ, ನಂಜುನಿವಾರಕಗಳು ಮತ್ತು ಮನುಷ್ಯರ ಮಾತ್ರೆಗಳನ್ನು ಬಳಸದಿರುವುದು.

ಪಶುವೈದ್ಯರ ನೆರವು

ಉಭಯವಾಸಿಗಳ ಚಿಕಿತ್ಸೆಯಲ್ಲಿ ಅನುಭವವಿರುವ ಪಶುವೈದ್ಯರು ವಿರಳ. ಬಹುತೇಕ ಆಸ್ಪತ್ರೆಗಳು ದನಕರು, ನಾಯಿ, ಬೆಕ್ಕುಗಳ ಚಿಕಿತ್ಸೆಗೆ ಸಜ್ಜಾಗಿರುತ್ತವೆ. ಆದ್ದರಿಂದ ಕಪ್ಪೆಯನ್ನು ಮನೆಗೆ ತರುವ ಮೊದಲೇ, ವಿದೇಶಿ ಪ್ರಾಣಿಗಳನ್ನು ನೋಡುವ ವೈದ್ಯರು ಯಾರೆಂದು ವಿಚಾರಿಸಿಟ್ಟುಕೊಳ್ಳುವುದು ವಿವೇಕ. ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಮೊದಲಾದೆಡೆ ಪಶುವೈದ್ಯಕೀಯ ಕಾಲೇಜುಗಳಿವೆ.

ವೈದ್ಯರ ಬಳಿಗೆ ಹೋಗುವಾಗ ಪೆಟ್ಟಿಗೆಯ ಛಾಯಾಚಿತ್ರ, ಉಷ್ಣತೆ ಮತ್ತು ತೇವಾಂಶದ ವಿವರ, ಕೊಟ್ಟ ಆಹಾರದ ಪಟ್ಟಿ, ತೂಕದ ದಾಖಲೆ ಹಾಗೂ ಒದ್ದೆ ಕಾಗದದಲ್ಲಿ ಸುತ್ತಿದ ಹೊಸ ಮಲದ ಮಾದರಿಯನ್ನು ಒಯ್ಯಬೇಕು. ಬಿಸಿಲಿನಲ್ಲಿ ನಿಂತ ಕಾರು ಕಪ್ಪೆಗೆ ಕಾಯಿಲೆಗಿಂತ ಹೆಚ್ಚು ಅಪಾಯಕಾರಿ. ಪ್ರಯಾಣಕ್ಕೆ ಮುಂಜಾನೆ ಅಥವಾ ಸಂಜೆ ಸೂಕ್ತ. ಕಪ್ಪೆ ಸತ್ತರೆ ಅದನ್ನು ಫ್ರೀಜರಿನಲ್ಲಿಡದೆ ರೆಫ್ರಿಜರೇಟರಿನ ತಂಪಿನಲ್ಲಿರಿಸಿ ಬೇಗನೆ ಮರಣೋತ್ತರ ಪರೀಕ್ಷೆ ಮಾಡಿಸಿದರೆ ಉಳಿದ ಕಪ್ಪೆಗಳನ್ನು ಉಳಿಸಿಕೊಳ್ಳಲು ಸಹಾಯವಾಗುತ್ತದೆ.

ಮೈಸೂರಿನ ಹವೆ, ನೀರು ಮತ್ತು ಮುನ್ನೆಚ್ಚರಿಕೆ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಹವೆ ಮರಗಪ್ಪೆಗಳಿಗೆ ಹಿತಕರ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಹವೆಯೇ ಕಷ್ಟಕಾಲ. ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಕೆಂಗಣ್ಣಿನ ಮರಗಪ್ಪೆಯಂತಹ ಮಳೆಕಾಡಿನ ಪ್ರಭೇದಗಳಿಗೆ ಹಗಲಿನಲ್ಲಿ 24ರಿಂದ 28 ಡಿಗ್ರಿ ಸಾಕು. ತಾರಸಿಯ ಕೆಳಗಿನ ಕೋಣೆಗಿಂತ ನೆಲಮಾಳಿಗೆಯ ಅಥವಾ ಪೂರ್ವ ದಿಕ್ಕಿನ ಕೋಣೆ ತಂಪಾಗಿರುತ್ತದೆ. ಪೆಟ್ಟಿಗೆಗೆ ದಿನಕ್ಕೆ ಎರಡು ಬಾರಿ ನೀರು ಚಿಮುಕಿಸಬೇಕು, ಆದರೆ ಗಾಳಿಯಾಡದಂತೆ ಮುಚ್ಚಬಾರದು. ಗಾಳಿಯಿಲ್ಲದ ತೇವವು ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳ ತವರು.

ನಗರಕ್ಕೆ ಕಾವೇರಿಯಿಂದ ಬರುವ ಕುಡಿಯುವ ನೀರನ್ನು ಕ್ಲೋರಿನ್‌ನಿಂದ ಶುದ್ಧೀಕರಿಸಲಾಗುತ್ತದೆ. ಅಗಲವಾದ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಕ್ಲೋರಮೈನ್ ಬೆರೆತ ನೀರಿಗೆ ಈ ಉಪಾಯ ಸಾಲದು. ಅದಕ್ಕೆ ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ದೊರೆಯುವ ನೀರು ಸಂಸ್ಕರಣ ದ್ರಾವಣವನ್ನು ಬಳಸಬೇಕು. ಆರ್‌ಒ ಯಂತ್ರದ ನೀರಿನಲ್ಲಿ ಲವಣಗಳು ತೀರ ಕಡಿಮೆಯಿರುವುದರಿಂದ ಕಪ್ಪೆಯನ್ನು ಕೂರಿಸಲು ಅದೊಂದನ್ನೇ ಬಳಸುವುದು ಒಳ್ಳೆಯದಲ್ಲ. ಬಟ್ಟಲಿನ ನೀರನ್ನು ದಿನವೂ ಬದಲಾಯಿಸಬೇಕು.

ಹೊಸ ಕಪ್ಪೆಯನ್ನು ಕನಿಷ್ಠ 30 ದಿನ, ಸಾಧ್ಯವಾದರೆ 60 ದಿನ ಬೇರೆ ಕೋಣೆಯಲ್ಲಿಟ್ಟು ನೋಡಬೇಕು. ಕೀಟನಾಶಕ ಸಿಂಪಡಿಸಿದ ತೋಟದ ಹುಳುಗಳನ್ನು ಆಹಾರವಾಗಿ ಕೊಡಬಾರದು. ಕಪ್ಪೆಗಳು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹೊತ್ತಿರಬಹುದಾದ್ದರಿಂದ ಮುಟ್ಟಿದ ನಂತರ ಸಾಬೂನಿನಿಂದ ಕೈತೊಳೆಯುವುದು ಅಗತ್ಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ನಿಯಮ ಇನ್ನೂ ಮುಖ್ಯ.

ಮನೆಗೆ ಬರುವ ಮರಗಪ್ಪೆಗಳು

ಬಚ್ಚಲುಮನೆಗೆ ಬರುವ ಸಾಮಾನ್ಯ ಮರಗಪ್ಪೆ ಸಾಕುಪ್ರಾಣಿಯಲ್ಲ. ತೇವ ಮತ್ತು ಕೀಟಗಳನ್ನು ಅರಸಿ ಅದು ಬರುತ್ತದೆ, ಮನುಷ್ಯರಿಗೆ ಅಪಾಯ ಮಾಡುವುದಿಲ್ಲ. ಅದನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುವುದರಿಂದ ಕಪ್ಪೆಗೆ ಯಾವ ಪ್ರಯೋಜನವೂ ಇಲ್ಲ. ಲೋಟವೊಂದನ್ನು ಮೇಲೆ ಕವುಚಿ, ಕೆಳಗೆ ರಟ್ಟು ತೂರಿಸಿ, ಸಂಜೆಯ ಹೊತ್ತಿನಲ್ಲಿ ಹತ್ತಿರದ ಗಿಡಗಳ ನಡುವೆ ಬಿಟ್ಟರೆ ಸಾಕು. ಕಪ್ಪೆ ಇರುವಾಗ ನೆಲಕ್ಕೆ ಫಿನೈಲ್ ಅಥವಾ ಆಮ್ಲ ಸುರಿಯಬಾರದು. ಮಳೆಗಾಲದಲ್ಲಿ ತೊಟ್ಟಿಯ ಅಂಚಿನಲ್ಲಿಯೋ ನೀರಿನ ಮೇಲೆ ಬಾಗಿದ ಎಲೆಯಲ್ಲಿಯೋ ಕಾಣುವ ಬಿಳಿ ನೊರೆಯ ಮುದ್ದೆ ಈ ಕಪ್ಪೆಯ ಗೂಡು. ಮೊಟ್ಟೆಯೊಡೆದ ಗೊದಮೊಟ್ಟೆಗಳು ಅದರಿಂದ ಕೆಳಗಿನ ನೀರಿಗೆ ಬೀಳುತ್ತವೆ.

ಕಾನೂನು ಮತ್ತು ಪರಿಸರ

1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ ಅನುಸೂಚಿಗಳಲ್ಲಿ ರಕ್ಷಿತವೆಂದು ಹೆಸರಿಸಿದ ಪ್ರಾಣಿಗಳನ್ನು ಹಿಡಿಯುವುದು, ಇಟ್ಟುಕೊಳ್ಳುವುದು ಶಿಕ್ಷಾರ್ಹ ಅಪರಾಧ. 2022ರ ತಿದ್ದುಪಡಿಯು ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳ ನೋಂದಣಿಗೆ ಅವಕಾಶ ಕಲ್ಪಿಸಿತು. ಅದರ ನಿಯಮಗಳು 2024ರಲ್ಲಿ ಪ್ರಕಟವಾದವು. ಕೆಂಗಣ್ಣಿನ ಮರಗಪ್ಪೆಯು 2010ರಿಂದ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ.

ಸಾಕಲಾಗದ ವಿದೇಶಿ ಕಪ್ಪೆಯನ್ನು ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿಗಳಂತಹ ಕೆರೆಗಳಲ್ಲಿಯೋ ಕಾಡಿನಲ್ಲಿಯೋ ಬಿಡುವುದು ದಯೆಯ ಕೆಲಸವಲ್ಲ. ಅದರ ಮೈಮೇಲಿನ ಶಿಲೀಂಧ್ರ ಅಥವಾ ವೈರಾಣು ಸ್ಥಳೀಯ ಕಪ್ಪೆಗಳಿಗೆ ಹರಡಬಹುದು. ಪ್ರಾಣಿಗಳ ವ್ಯಾಪಾರವೇ ಕೈಟ್ರಿಡ್ ರೋಗ ಖಂಡದಿಂದ ಖಂಡಕ್ಕೆ ಹರಡಲು ಪ್ರಮುಖ ಕಾರಣಗಳಲ್ಲಿ ಒಂದೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ಆದ್ದರಿಂದ ಪೆಟ್ಟಿಗೆ ತೊಳೆದ ನೀರನ್ನೂ ಕೆರೆ, ಚರಂಡಿಗಳಿಗೆ ನೇರವಾಗಿ ಚೆಲ್ಲದೆ, ಬ್ಲೀಚಿಂಗ್ ದ್ರಾವಣ ಬೆರೆಸಿಟ್ಟು ಅನಂತರ ಶೌಚಾಲಯದ ಮೂಲಕ ವಿಸರ್ಜಿಸಬೇಕು. ಬಳಸಿದ ಪಾತ್ರೆ, ಸಲಕರಣೆಗಳನ್ನು ಅದೇ ದ್ರಾವಣದಲ್ಲಿ ತೊಳೆದು, ವಾಸನೆ ಹೋಗುವವರೆಗೆ ಜಾಲಿಸಿ, ಸಂಪೂರ್ಣವಾಗಿ ಒಣಗಿಸಿದ ನಂತರವೇ ಮತ್ತೆ ಬಳಸಬೇಕು.